ಬಾಗಿಲಾಚೆ ಮನೆಯವರು, ಪರದೆಯಾಚೆ ಥೆರಪಿಸ್ಟ್

ಮನೆಯಿಂದ ಹೊರಗೆ ಕಾಲಿಡೋದೇ ನನ್ನ ಸಮಸ್ಯೆಯಾಗಿತ್ತು. ಅದಕ್ಕೆ ಪರಿಹಾರ ಬೇಕಿದ್ದರೆ ಹೊರಗೆ ಬನ್ನಿ ಅಂದರೆ ಏನು ಮಾಡೋದು? ಆನ್‌ಲೈನ್ ಥೆರಪಿಯ ಬಾಗಿಲು ತಟ್ಟಿದ್ದಕ್ಕೆ ಕಾರಣ ಇಷ್ಟೇ. ಅದರ ಗುಣ ದೋಷ ತೂಗಿ ನೋಡಿ ಆರಿಸಿಕೊಂಡದ್ದಲ್ಲ.

ನನಗೆ ಬರುತ್ತಿದ್ದದ್ದು ಪ್ಯಾನಿಕ್ ಅಟ್ಯಾಕ್. ಮೊದಲನೆಯದು ಬಂದದ್ದು ಲಿಫ್ಟ್‌ನಲ್ಲಿ. ಎದೆ ಡವಡವ, ಬೆರಳ ತುದಿಯಲ್ಲೆಲ್ಲ ಜುಮ್ಮೆನ್ನುವುದು, ಎಷ್ಟು ಎಳೆದುಕೊಂಡರೂ ಉಸಿರು ಸಾಲದು, ಇನ್ನೇನು ಪ್ರಾಣ ಹೋಗೇ ಬಿಡ್ತು ಅನ್ನುವ ಖಾತ್ರಿ. ಅದು ಕೆಲವೇ ನಿಮಿಷಗಳಲ್ಲಿ ಏರಿ ತಾನಾಗೇ ಇಳಿಯುತ್ತದೆ ಅಂತ ಆಗ ಗೊತ್ತಿರಲಿಲ್ಲ. ಲಿಫ್ಟ್ ಹತ್ತೋದು ಬಿಟ್ಟೆ. ಆಮೇಲೆ ಬಸ್ಸು. ಆಮೇಲೆ ಜನ ಸೇರುವ ಜಾಗಗಳು. ಕೊನೆಗೆ ಒಂಟಿಯಾಗಿ ಎಲ್ಲಿಗೂ ಹೋಗೋದೇ ನಿಂತುಹೋಯಿತು. ಬಿಡುತ್ತಾ ಹೋದ ಹಾಗೆ ಭಯವೇನೂ ಕಮ್ಮಿಯಾಗಲಿಲ್ಲ. ಬಿಟ್ಟವುಗಳ ಪಟ್ಟಿ ಉದ್ದವಾಯಿತು, ಅಷ್ಟೇ.

ಥೆರಪಿಸ್ಟ್ ಹುಡುಕೋದಕ್ಕೆ ಫೋನ್ ತೆಗೆದರೆ ಸಂತೆಯೇ ಕಾಣಿಸಿತು. ವಿಡಿಯೊದಲ್ಲಿ ಮಾತಾಡುವವರು, ಬರೀ ಚಾಟ್ ಮಾಡುವವರು, ಪಾಠಗಳನ್ನು ಕಳಿಸಿ ವಾರಕ್ಕೊಮ್ಮೆ ಉತ್ತರ ನೋಡುವವರು, ಮನುಷ್ಯರೇ ಇಲ್ಲದ ಆ್ಯಪ್‌ಗಳು. ಎಲ್ಲದರ ಹೆಸರೂ ಥೆರಪಿ. ಒಂದು ಆ್ಯಪ್‌ನಲ್ಲಿ ಮೊದಲ ಪರದೆಯಲ್ಲೇ ಏಳು ಪ್ರಶ್ನೆ ಬಂದವು. ಕಳೆದ ಎರಡು ವಾರದಲ್ಲಿ ಎಷ್ಟು ಸಲ ಚಡಪಡಿಕೆಯಾಯಿತು, ಚಿಂತೆ ತಡೆಯೋಕೆ ಆಗದೆ ಹೋಯಿತು, ಹೀಗೆ. ಅದು ಜಿಎಡಿ-7 ಅನ್ನುವ ಆತಂಕದ ಪ್ರಶ್ನಾವಳಿ, 2006ರಲ್ಲಿ ಪ್ರಕಟವಾದದ್ದು, ಒಟ್ಟು ಅಂಕ 21. ಹತ್ತು ಅಥವಾ ಹೆಚ್ಚು ಬಂದರೆ ವಿಚಾರಿಸಿ ನೋಡಬೇಕು ಅಂತ ಲೆಕ್ಕ. ನನ್ನ ಅಂಕ ನೋಡಿದ ತಕ್ಷಣ ಆ್ಯಪ್ ಮಾಡಿದ್ದೇನು ಗೊತ್ತಾ? ವರ್ಷದ ಚಂದಾ ಕಟ್ಟಿದರೆ ರಿಯಾಯಿತಿ ಅಂತ ತೋರಿಸಿತು. ಅಲ್ಲೇ ಮುಚ್ಚಿದೆ.

ಮುಚ್ಚಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ನಾನು ಸ್ವಲ್ಪ ಅನುಮಾನದ ಪ್ರಾಣಿ. ಸೇರುವ ಮೊದಲು ಓದಿಕೊಂಡೆ. ಫಿನ್ಲೆಂಡಿನಲ್ಲಿ ವಸ್ತಾಮೊ ಅನ್ನುವ ಮಾನಸಿಕ ಚಿಕಿತ್ಸೆಯ ಕಂಪನಿಯಿಂದ ಸಾವಿರಾರು ಜನರ ದಾಖಲೆ ಕಳುವಾಗಿತ್ತು. 2020ರಲ್ಲಿ ಅದು ಬಯಲಾದಾಗ, ಕದ್ದವರು ಕಂಪನಿಯನ್ನಷ್ಟೇ ಅಲ್ಲ, ರೋಗಿಗಳಿಗೇ ನೇರವಾಗಿ ಇಮೇಲ್ ಕಳಿಸಿ ದುಡ್ಡು ಕೇಳಿದ್ದರು. ಕೊಡದಿದ್ದರೆ ನೀವು ಥೆರಪಿಯಲ್ಲಿ ಹೇಳಿದ್ದೆಲ್ಲ ಬಯಲು ಅನ್ನುವ ಬೆದರಿಕೆ. ಅಲ್ಲಿನದು ಕಳ್ಳರ ಕೆಲಸ. 2023ರಲ್ಲಿ ಅಮೆರಿಕದಲ್ಲಿ ನಡೆದದ್ದು ಬೇರೆ ಥರ. ಬೆಟರ್‌ಹೆಲ್ಪ್ ಅನ್ನುವ ಆನ್‌ಲೈನ್ ಥೆರಪಿ ಕಂಪನಿ ಗುಟ್ಟಾಗಿಡುತ್ತೇವೆ ಅಂತ ಮಾತು ಕೊಟ್ಟು, ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಥರದ ಕಂಪನಿಗಳ ಜೊತೆ ಹಂಚಿಕೊಂಡಿತು ಅಂತ, ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿತು. 78 ಲಕ್ಷ ಡಾಲರ್ ಕೊಡುವುದರೊಂದಿಗೆ ಅದು ಇತ್ಯರ್ಥವಾಯಿತು. ಇಷ್ಟು ಓದಿದ ಮೇಲೆ, ನನ್ನ ಅಂಕ ನೋಡಿ ರಿಯಾಯಿತಿ ಕೊಡುವ ಆ್ಯಪ್‌ಗೆ ಎದೆ ಬಿಚ್ಚಿ ಏನು ಹೇಳಲಿ?

ಕೊನೆಗೆ ಆ್ಯಪ್‌ಗಳ ಗೊಡವೆ ಬಿಟ್ಟು ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್‌ರನ್ನು ನೇರವಾಗಿ ಹಿಡಿದೆ. ಓದು, ನೋಂದಣಿ ಸಂಖ್ಯೆ ಎರಡನ್ನೂ ಕೇಳಿದೆ. ಬೇಸರ ಮಾಡಿಕೊಳ್ಳದೆ ಕೊಟ್ಟರು. ಕೇಳಿದ್ದು ಒಳ್ಳೆಯದಾಯಿತು ಅಂತಲೂ ಹೇಳಿದರು. ಟಿಪ್ಪಣಿ ಎಲ್ಲಿ ಇಡುತ್ತೀರಿ, ರೆಕಾರ್ಡ್ ಮಾಡುತ್ತೀರಾ ಅಂತಲೂ ಕೇಳಿದೆ. ರೆಕಾರ್ಡಿಂಗ್ ಇಲ್ಲ, ಟಿಪ್ಪಣಿ ಕಾಗದದ ಮೇಲೆ ಅಂದರು. ಸಮಾಧಾನವಾಯಿತು.

ಮೊದಲ ಸೆಷನ್‌ನಲ್ಲಿ ನಾನು ಬಾಯಿ ಬಿಡುವ ಮೊದಲೇ ಅವರು ಕೇಳಿದ್ದು, "ಈಗ ಎಲ್ಲಿ ಕೂತಿದ್ದೀರಿ? ಪೂರ್ತಿ ವಿಳಾಸ ಹೇಳಿ." ನನಗೆ ವಿಚಿತ್ರ ಅನ್ನಿಸಿತು. ಆಮೇಲೆ ಹತ್ತಿರದವರೊಬ್ಬರ ಫೋನ್ ನಂಬರ್ ಕೇಳಿದರು. ಎದುರಿಗೆ ಕೂತಿದ್ದರೆ ಏನಾದರೂ ಆದಾಗ ಎದ್ದು ಬಂದು ಹಿಡಿದುಕೊಳ್ಳಬಹುದು. ಪರದೆಯಾಚೆ ಇರುವವರಿಗೆ ಅದಾಗೋದಿಲ್ಲ. ಯಾರನ್ನು, ಯಾವ ಬಾಗಿಲಿಗೆ ಕಳಿಸಬೇಕು ಅಂತ ಮೊದಲೇ ಗೊತ್ತಿರಬೇಕು. ಬದುಕೇ ಬೇಡ ಅಂತ ಯೋಚನೆ ಬಂದಿದೆಯಾ ಅಂತಲೂ ಸುತ್ತಿಬಳಸದೆ ಕೇಳಿದರು. ಇಲ್ಲ ಅಂದೆ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ ಒಂಬತ್ತನೆಯದು ಇದೇ ಪ್ರಶ್ನೆ. ಒಬ್ಬರು ನಡುರಾತ್ರಿ ಒಂಟಿಯಾಗಿ ಕೂತು ಫೋನಿನಲ್ಲಿ ಅದಕ್ಕೆ ಹೌದು ಅಂತ ಒತ್ತಿದರೆ ಆ ಕಡೆ ಯಾರು ನೋಡುತ್ತಿರುತ್ತಾರೆ? ಆ್ಯಪ್‌ಗಳ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ಅಂಥ ಹೊತ್ತಿನಲ್ಲಿ ಇರುವವರಿಗೆ ಮುಂದಿನ ವಾರದ ವಿಡಿಯೊ ಸೆಷನ್ ಸಾಲದು. ತಕ್ಷಣ ಸಿಗುವ ಸಹಾಯವಾಣಿ, ಆಸ್ಪತ್ರೆ, ಪಕ್ಕದಲ್ಲಿ ಬಂದು ಕೂರುವ ಮನುಷ್ಯರು ಬೇಕು.

ಮುಂದಿನ ಸೆಷನ್‌ಗೆ ಮುಂಚೆ ಡಾಕ್ಟರ್ ಹತ್ತಿರ ಹೋಗಿ ಇಸಿಜಿ, ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಂದರು. ಹೃದಯದ ತೊಂದರೆ, ಥೈರಾಯ್ಡ್ ಏರುಪೇರು ಎರಡೂ ಪ್ಯಾನಿಕ್‌ನ ವೇಷ ಹಾಕಿಕೊಂಡು ಬರಬಹುದಂತೆ. ಹೊರಗೆ ಹೋಗಬಾರದು ಅಂತ ಆನ್‌ಲೈನ್ ಹಿಡಿದರೆ ಮೊದಲ ಕೆಲಸವೇ ಹೊರಗೆ! ಜೊತೆಗೊಬ್ಬರನ್ನು ಕರೆದುಕೊಂಡು, ಮೆಟ್ಟಿಲು ಹತ್ತಿಕೊಂಡು ಹೋಗಿ ಬಂದೆ. ಎಲ್ಲ ಸರಿಯಾಗಿತ್ತು.

ಆಮೇಲೆ ಶುರುವಾಯಿತು ನಿಜವಾದ ಮಾತು. ಇಲ್ಲಿ ಪರದೆಯಿಂದ ನನಗಾದ ಲಾಭ ಹೇಳಲೇಬೇಕು. ಮುಖಕ್ಕೆ ಮುಖ ಕೊಟ್ಟು ಯಾರಿಗೂ ಹೇಳಲಾಗದ ಮಾತುಗಳು ಬಹಳ ಬೇಗ ಹೊರಬಂದವು. ಕಾಯುವ ಕೋಣೆಯಿಲ್ಲ, ಗುರುತಿನವರು ಕಂಡಾರು ಅನ್ನುವ ಅಳುಕಿಲ್ಲ. ನನ್ನ ಕುರ್ಚಿ, ನನ್ನ ಹಳೇ ಬಟ್ಟೆ. ಆನ್‌ಲೈನಿನಲ್ಲಿ ಜನ ಸಂಕೋಚ ಬಿಟ್ಟು ಮಾತಾಡುವುದರ ಬಗ್ಗೆ ಜಾನ್ ಸುಲರ್ ಅನ್ನುವ ಮನಶ್ಶಾಸ್ತ್ರಜ್ಞರು 2004ರಲ್ಲೇ ಬರೆದಿದ್ದರು. ಅದೇ ಗುಣ ಕಾಮೆಂಟುಗಳಲ್ಲಿ ಬೈದಾಡಿಸುತ್ತದೆ, ಥೆರಪಿಯಲ್ಲಿ ಬಾಯಿ ಬಿಡಿಸುತ್ತದೆ.

ಆದರೆ ಕಣ್ಣು ಸೇರುವುದಿಲ್ಲ. ಕ್ಯಾಮೆರಾ ಮೇಲೆ, ಮುಖ ಕೆಳಗೆ. ಅವರ ಕಣ್ಣು ನೋಡಿದರೆ ಅವರಿಗೆ ನಾನು ತಲೆ ತಗ್ಗಿಸಿದಂತೆ ಕಾಣುತ್ತೇನೆ. ಕ್ಯಾಮೆರಾ ನೋಡಿದರೆ ಅವರ ಮುಖ ನನಗೆ ಕಾಣುವುದಿಲ್ಲ. ಜೊತೆಗೆ ಮೂಲೆಯಲ್ಲಿ ನನ್ನದೇ ಮುಖ ಬೇರೆ! ಅಳು ಬಂದಾಗ ಮೂಗು ಕೆಂಪಾಗಿದ್ದು ಕಂಡು, ಅಳು ಬಿಟ್ಟು ಮೂಗಿನ ಕಡೆಗೇ ಗಮನ. ನನ್ನ ಚಿತ್ರ ನನಗೆ ಕಾಣದ ಹಾಗೆ ಮಾಡುವ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದ ಮೇಲೆ ಎಷ್ಟೋ ಹಗುರಾಯಿತು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಮೌನ. ಥೆರಪಿಯಲ್ಲಿ ಮೌನಕ್ಕೆ ಬೆಲೆಯಿದೆ. ಹೇಳಿದ ಮಾತು ಒಳಗೆ ಇಳಿಯೋಕೆ ಹೊತ್ತು ಬೇಕಲ್ವಾ? ಒಂದು ದಿನ ನಾನು ತುಂಬ ಕಷ್ಟಪಟ್ಟು ಒಂದು ಹಳೆಯ ಸಾವಿನ ವಿಷಯ ಹೇಳಿದೆ. ಹೇಳಿ ಸುಮ್ಮನಾದೆ. ಅವರೂ ಸುಮ್ಮನೆ ನೋಡುತ್ತಿದ್ದರು. ರೆಪ್ಪೆ ಅಲುಗಲಿಲ್ಲ. ಎಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದಾರೆ ಅಂತ ನನ್ನ ಗಂಟಲು ಕಟ್ಟಿತು. ಅಷ್ಟರಲ್ಲಿ ಪರದೆಯ ಮೇಲೆ ಚಕ್ರ ತಿರುಗಿತು. ಮುಖ ಕೇಳಿಸಿಕೊಳ್ಳುತ್ತಿರಲಿಲ್ಲ, ಸ್ತಬ್ಧವಾಗಿತ್ತು. ಸಂಪರ್ಕ ಮರಳಿ ಬಂದಾಗ, "ಕ್ಷಮಿಸಿ, ಕೊನೆಯದು ಇನ್ನೊಮ್ಮೆ ಹೇಳ್ತೀರಾ?" ಅಂದರು. ಹೇಳಲಿಲ್ಲ. ಆ ಮಾತು ಮತ್ತೆ ಬಾಯಿಗೆ ಬರಲು ಹಲವು ವಾರಗಳೇ ಬೇಕಾದವು. ಅಲ್ಲಿಂದಾಚೆಗೆ ಯಾವ ಮೌನ ಬಂದರೂ "ಕೇಳಿಸ್ತಾ ಇದೆಯಾ?" ಅಂತ ಕೇಳುವ ಚಾಳಿ ಅಂಟಿತು. ಇದನ್ನು ಅವರ ಹತ್ತಿರ ಹೇಳಿದ ಮೇಲೆ ಒಂದು ಒಪ್ಪಂದ ಮಾಡಿಕೊಂಡೆವು. ಮೌನ ಬಂದಾಗ ಅವರು ಆಗಾಗ ತಲೆಯಾಡಿಸುತ್ತಾರೆ, ಕರೆ ಕಡಿದರೆ ಎರಡು ನಿಮಿಷದೊಳಗೆ ಮಾಮೂಲಿ ಫೋನಿಗೆ ಅವರೇ ಕರೆ ಮಾಡುತ್ತಾರೆ.

ಇನ್ನೊಂದು ಸಂಗತಿ. ಪರದೆಗೆ ಕಾಣಿಸುವುದು ಭುಜದಿಂದ ಮೇಲೆ ಮಾತ್ರ. ನಾನು ನಗುನಗುತ್ತಾ ಮಾತಾಡುತ್ತಿದ್ದಾಗ ಮೇಜಿನ ಕೆಳಗೆ ಕಾಲು ಒಂದೇ ಸಮನೆ ಅಲ್ಲಾಡುತ್ತಿರುತ್ತಿತ್ತು. ಅವರಿಗೆ ಅದು ಹೇಗೆ ಕಾಣಬೇಕು? ಕೆಲವು ಸೆಷನ್ ಆದ ಮೇಲೆ, "ಕೈ ಕಾಲು ಏನು ಮಾಡ್ತಿವೆ ಈಗ?" ಅಂತ ಕೇಳೋಕೆ ಶುರು ಮಾಡಿದರು. ಆ ಪ್ರಶ್ನೆಯಿಂದ ಒಂದು ಲಾಭವೂ ಆಯಿತು. ನನ್ನ ಕಾಲು ಅಲ್ಲಾಡುತ್ತದೆ ಅನ್ನುವುದು ನನಗೇ ಗೊತ್ತಿರಲಿಲ್ಲ.

ಮನೆಯ ಗೋಡೆಗೆ ಕಿವಿಯಿದೆ ಅನ್ನುವುದು ಮಾತ್ರ ಬಗೆಹರಿಯದ ತಲೆನೋವು. ಥೆರಪಿಯಲ್ಲಿ ಮನೆಯವರ ವಿಷಯ ಬಾರದೇ ಇರುತ್ತದೆಯೇ? ಅವರ ಬಗ್ಗೆ ಮಾತಾಡಬೇಕು, ಅವರು ಬಾಗಿಲಾಚೆ ಓಡಾಡುತ್ತಿರುತ್ತಾರೆ. ಫ್ಯಾನ್ ಜೋರು ಮಾಡಿದೆ. ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ತುರುಕಿದೆ. ಇಯರ್‌ಫೋನ್ ಹಾಕಿದರೆ ಅವರ ದನಿ ಹೊರಗೆ ಹೋಗುವುದಿಲ್ಲ, ಸರಿ. ನನ್ನ ದನಿ? ಪಿಸುಗುಟ್ಟುತ್ತಾ ಸಿಟ್ಟು ಹೇಳಿಕೊಳ್ಳೋಕೆ ಆಗುತ್ತದಾ? ಪ್ರಯತ್ನ ಮಾಡಿ ನೋಡಿ. ಸಿಟ್ಟು ಅರ್ಧಕ್ಕೇ ಇಳಿದುಬಿಡುತ್ತದೆ, ಬಗೆಹರಿದು ಅಲ್ಲ, ದನಿ ಸಾಲದೆ. ಯಾರಾದರೂ ಒಳಗೆ ಬಂದರೆ ನಾನು "ಆ ಫೈಲ್ ನಾಳೆ ಕಳಿಸ್ತೀನಿ" ಅನ್ನಬೇಕು, ಅವರು ತಕ್ಷಣ ಮಾತು ಬದಲಿಸಬೇಕು ಅಂತ ಗೊತ್ತು ಮಾಡಿಕೊಂಡಿದ್ದೆವು. ಅದನ್ನು ಬಳಸಿದಾಗೆಲ್ಲ ಮತ್ತೆ ಮಾತಿನ ಎಳೆ ಹಿಡಿಯೋಕೆ ಹೊತ್ತು ಹಿಡಿಯುತ್ತಿತ್ತು. ಮನೆಯಲ್ಲೇ ಹೊಡೆತ ಬಡಿತ ಅನುಭವಿಸುವವರಿಗೆ ಈ ಕಷ್ಟ ಬರೀ ಕಿರಿಕಿರಿಯಲ್ಲ, ಅಪಾಯ. ಅಂಥವರಿಗೆ ಮನೆಯಿಂದ ವಿಡಿಯೊ ಮಾಡಿ ಅಂತ ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ಸೆಷನ್ ಮುಗಿದ ಮರುಕ್ಷಣ ಕೂಡ ಹೀಗೇ. ಐವತ್ತು ನಿಮಿಷ ಒಳಗಿನದ್ದೆಲ್ಲ ಹೊರಗೆ ಹಾಕಿ, ಕಣ್ಣೊರೆಸಿಕೊಂಡು ಬಾಗಿಲು ತೆಗೆದರೆ, "ಕರೆಂಟ್ ಬಿಲ್ ಕಟ್ಟಿದೆಯಾ?" ಅನ್ನುವ ಪ್ರಶ್ನೆ ಎದುರಿಗೆ ನಿಂತಿರುತ್ತದೆ. ಕ್ಲಿನಿಕ್‌ಗೆ ಹೋಗಿ ಬರುವವರಿಗೆ ದಾರಿಯಲ್ಲಿ ಒಂದಿಷ್ಟು ಹೊತ್ತು ಸಿಗುತ್ತದೆ. ಹೋಗುವಾಗ ಏನು ಹೇಳಬೇಕು ಅಂತ ಯೋಚಿಸಬಹುದು, ಬರುವಾಗ ಹೇಳಿದ್ದನ್ನು ಮೆಲುಕು ಹಾಕಬಹುದು. ಪ್ರಯಾಣ ಉಳಿಯಿತು ಅಂತ ಎಲ್ಲರೂ ಲಾಭದ ಕಡೆ ಬರೆಯುತ್ತಾರೆ. ನನ್ನ ಪ್ರಕಾರ ಅದರಲ್ಲಿ ಅರ್ಧ ನಷ್ಟ. ಆಮೇಲಾಮೇಲೆ ಸೆಷನ್ ಮುಗಿದ ಮೇಲೂ ಕಾಲು ಗಂಟೆ ಬಾಗಿಲು ತೆಗೆಯದೆ ಕೂರುವ ಅಭ್ಯಾಸ ಮಾಡಿಕೊಂಡೆ. ಮನೆಯವರಿಗೆ ಸೆಷನ್ ಒಂದು ಗಂಟೆ ಐದು ನಿಮಿಷ ಅಂತಲೇ ಗೊತ್ತು.

ಈಗ ನನ್ನ ಮಟ್ಟಿಗೆ ಪಲ್ಲಟ ತಂದ ಭಾಗಕ್ಕೆ ಬರುತ್ತೇನೆ.

ಅವರು ಬಳಸಿದ್ದು ಸಿಬಿಟಿ, ಅಂದರೆ ಯೋಚಿಸುವ ರೀತಿ, ನಡೆದುಕೊಳ್ಳುವ ರೀತಿ ಎರಡನ್ನೂ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ. ಪ್ಯಾನಿಕ್ ಬಗ್ಗೆ ಅದರ ವಿವರಣೆ ಸರಳ. ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ. ಅದನ್ನು ನಾನು ಹಾರ್ಟ್ ಅಟ್ಯಾಕ್ ಅಂತ ಓದಿಕೊಳ್ಳುತ್ತೇನೆ. ಹೆದರುತ್ತೇನೆ. ಹೆದರಿದ್ದಕ್ಕೆ ಎದೆ ಇನ್ನೂ ಜೋರಾಗಿ ಬಡಿಯುತ್ತದೆ. ಡೇವಿಡ್ ಕ್ಲಾರ್ಕ್ ಅನ್ನುವ ಮನಶ್ಶಾಸ್ತ್ರಜ್ಞರು 1986ರಲ್ಲಿ ಈ ಸುತ್ತನ್ನು ವಿವರಿಸಿದರು. ಸುತ್ತು ಮುರಿಯಬೇಕಾದರೆ ಆ ಲಕ್ಷಣಗಳಿಂದ ಸಾವು ಬರುವುದಿಲ್ಲ ಅಂತ ಮೈಗೇ ಗೊತ್ತಾಗಬೇಕು. ಬಾಯಿಮಾತಿಗೆ ಅದು ಬಗ್ಗುವುದಿಲ್ಲ.

ಹಾಗಾಗಿ ಒಂದು ದಿನ, "ಈಗ ಇಬ್ಬರೂ ಒಂದು ನಿಮಿಷ ಜೋರಾಗಿ ಉಸಿರಾಡೋಣ" ಅಂದರು. ನಾಯಿ ತೇಕುವ ಹಾಗೆ, ಪರದೆಯ ಆ ಕಡೆ ಅವರು, ಈ ಕಡೆ ನಾನು. ಅರ್ಧ ನಿಮಿಷಕ್ಕೇ ಬೆರಳು ಜುಮ್ಮೆಂದವು, ತಲೆ ತೇಲಿತು. ಲಿಫ್ಟ್‌ನಲ್ಲಿ ಆದದ್ದು ಅದೇ! ಜಾಸ್ತಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಅದಕ್ಕೇ ಹೀಗೆ ಅಂತ ವಿವರಿಸಿದರು. ಸಾವು ಅಂದುಕೊಂಡಿದ್ದನ್ನು ಕುರ್ಚಿಯಲ್ಲಿ ಕೂತು ನಾನೇ ತಯಾರಿಸಿದ್ದೆ. ನಗು ಬಂತು. ಇದನ್ನು ಮಾಡಿಸಲು ಡಾಕ್ಟರ್ ವರದಿ ಯಾಕೆ ಬೇಕಿತ್ತು ಅನ್ನುವುದೂ ಆಗಲೇ ತಿಳಿಯಿತು. ಆಸ್ತಮಾ, ಮೂರ್ಛೆ ರೋಗ, ಹೃದಯದ ತೊಂದರೆ ಇರುವವರು ಸುಮ್ನೆ ಓದಿಕೊಂಡು ಮಾಡುವ ಕೆಲಸ ಅಲ್ಲ ಇದು.

ಮುಂದೆ ಲಿಫ್ಟ್. ಭಯಪಡುವ ಜಾಗಕ್ಕೇ ಹೋಗಿ ನಿಲ್ಲುವುದಕ್ಕೆ ಎಕ್ಸ್‌ಪೋಶರ್ ಅನ್ನುತ್ತಾರೆ. ಕ್ಲಿನಿಕ್‌ನಲ್ಲಿ ಕೂತಿದ್ದರೆ ನನ್ನ ಲಿಫ್ಟ್‌ನ ಕಥೆ ಹೇಳಬೇಕಿತ್ತು. ಇಲ್ಲಿ ಫೋನ್ ಹಿಡಿದು, ಚಪ್ಪಲಿ ಮೆಟ್ಟಿ, ಲಿಫ್ಟ್ ಮುಂದೆ ಹೋಗಿ ನಿಂತೆ. ಅವರು ಕಿವಿಯಲ್ಲಿದ್ದರು. ಆನ್‌ಲೈನ್ ಥೆರಪಿಗೆ ನಾನು ಪೂರ್ತಿ ಅಂಕ ಕೊಡುವುದು ಇಲ್ಲಿ. ಸಮಸ್ಯೆ ಎಲ್ಲಿತ್ತೋ ಅಲ್ಲಿಗೇ ಥೆರಪಿಸ್ಟ್ ಬಂದರು. ಮೊದಲು ಬಾಗಿಲು ತೆರೆದಿಟ್ಟು ಒಳಗೆ ನಿಲ್ಲೋದು. ಭಯಕ್ಕೆ ನೂರಕ್ಕೆ ಎಷ್ಟು ಅಂಕ ಅಂತ ಕೇಳುತ್ತಿದ್ದರು. ಎಂಬತ್ತು. ನಿಂತೇ ಇರಿ. ಎಪ್ಪತ್ತು. ನಿಂತೇ ಇರಿ. ಐವತ್ತಕ್ಕೆ ಇಳಿದ ಮೇಲೆ ಹೊರಗೆ. ಕೆಲವು ದಿನ ಬರೀ ಇದೇ. ಯಾರಾದರೂ ಬಂದರೆ ಪಾರ್ಸೆಲ್‌ಗೆ ಕಾಯುವವರ ಥರ ಮುಖ ಮಾಡುತ್ತಿದ್ದೆ.

ಬಾಗಿಲು ಮುಚ್ಚುವ ದಿನವೂ ಬಂತು. "ನಾನಿದ್ದೀನಿ, ಒತ್ತಿ" ಅಂದರು. ಒತ್ತಿದೆ. ಬಾಗಿಲು ಮುಚ್ಚಿತು. "ಈಗ ಎಷ್ಟು ಅಂ..." ಅಂದರು, ಅಷ್ಟೇ. ಕಬ್ಬಿಣದ ಡಬ್ಬಿಯೊಳಗೆ ನೆಟ್‌ವರ್ಕ್ ಎಲ್ಲಿಂದ ಬರಬೇಕು? ನನಗಾಗಲಿ ಅವರಿಗಾಗಲಿ ಇದು ಹೊಳೆದೇ ಇರಲಿಲ್ಲ. ಕೈಕಾಲು ತಣ್ಣಗಾದವು. ಎದೆ ಬಡಿತ ಕಿವಿಗೆ ಕೇಳುತ್ತಿತ್ತು. ಭಯಕ್ಕೆ ತೊಂಬತ್ತು ಅಂತ ನಾನೇ ಜೋರಾಗಿ ಹೇಳಿದೆ, ಯಾರಿಗೂ ಅಲ್ಲ. ನಿಂತೇ ಇರಿ ಅಂತಲೂ ನಾನೇ ಹೇಳಿಕೊಂಡೆ. ಬಾಗಿಲು ತೆರೆದಾಗ ಎದುರಿಗಿದ್ದವರು ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

ಮತ್ತೆ ಸಂಪರ್ಕ ಸಿಕ್ಕಾಗ ಥೆರಪಿಸ್ಟ್ ನನಗಿಂತ ಜಾಸ್ತಿ ಗಾಬರಿಯಾಗಿದ್ದರು ಅಂತ ನನ್ನ ಗುಮಾನಿ. ಅವರು ಒಪ್ಪಲಿಲ್ಲ. ಆದರೆ ಮುಂದಿನ ವಾರ ಇಬ್ಬರೂ ಅದರ ಬಗ್ಗೆ ತುಂಬ ಹೊತ್ತು ಮಾತಾಡಿದೆವು. ಭಯ ಇರುವವರು ಜೊತೆಗೊಂದು ಆಸರೆ ಇಟ್ಟುಕೊಳ್ಳುತ್ತಾರೆ. ನೀರಿನ ಬಾಟಲಿ, ಮಾತ್ರೆ, ಜೊತೆಗೊಬ್ಬರು. ಅದಿದ್ದದ್ದಕ್ಕೇ ಬದುಕಿದೆ ಅಂತ ನಂಬಿಕೊಂಡರೆ ಭಯ ಒಳಗೆ ಹಾಗೇ ಉಳಿಯುತ್ತದೆ. ನನ್ನ ಆಸರೆಗಳ ಪಟ್ಟಿಗೆ ಹೊಸದೊಂದು ಸೇರಿತ್ತು, ಕಿವಿಯಲ್ಲಿನ ಥೆರಪಿಸ್ಟ್ ದನಿ. ಎಲ್ಲೆಂದರಲ್ಲಿ ಜೇಬಿನೊಳಗೆ ಸಿಗುವ ಥೆರಪಿಯ ಈ ಇನ್ನೊಂದು ಮುಖವನ್ನು ಯಾವ ಜಾಹೀರಾತೂ ತೋರಿಸುವುದಿಲ್ಲ. ಸೆಷನ್‌ಗಳ ನಡುವೆ ಅವರಿಗೆ ಮೆಸೇಜ್ ಮಾಡುವ ಅವಕಾಶವೂ ಇತ್ತು, ಅದನ್ನೂ ಅವರು ಆಗಲೇ ಕಮ್ಮಿ ಮಾಡಿದರು. ಸ್ವಲ್ಪ ಎದೆ ಬಡಿದರೂ ಅವರಿಗೆ ಬರೆಯುತ್ತಿದ್ದೆ. ಆರು ಗಂಟೆ ಬಿಟ್ಟು ಉತ್ತರ ಬರುವಷ್ಟರಲ್ಲಿ ಎದೆಯ ಡವಡವ ಎಂದೋ ಇಳಿದಿರುತ್ತಿತ್ತು, ಉತ್ತರಕ್ಕೆ ಕಾಯುವ ಚಡಪಡಿಕೆ ಮಾತ್ರ ಉಳಿದಿರುತ್ತಿತ್ತು.

ತಕ್ಷಣ ಉತ್ತರಿಸುವ ಚಾಟ್‌ಬಾಟ್‌ಗಳನ್ನೂ ಆ ದಿನಗಳಲ್ಲಿ ನೋಡಿದೆ. ಈ ಆಸೆ ಹೊಸದೇನಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಎಲೈಜಾ ಅನ್ನುವ ಪ್ರೋಗ್ರಾಂ ಬಗ್ಗೆ ಬರೆದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುವುದಷ್ಟೇ ಅದರ ಕೆಲಸ. ಅವರ ಸೆಕ್ರೆಟರಿ ಅದರ ಜೊತೆ ಮಾತಾಡುತ್ತಾ, ನೀವು ಸ್ವಲ್ಪ ಹೊರಗೆ ಹೋಗ್ತೀರಾ ಅಂತ ಅವರನ್ನೇ ಕೇಳಿದರಂತೆ. ಈಗಿನವು ಅದಕ್ಕಿಂತ ಎಷ್ಟೋ ಚುರುಕು. ಆದರೆ ನನಗೆ ಬೇಕಾಗಿದ್ದು ಸಮಾಧಾನ ಹೇಳುವವರಲ್ಲ, ಬೇಡ ಅನ್ನುವವರು. ನಾನು ಹತ್ತು ಸಲ "ಇದು ಹಾರ್ಟ್ ಅಟ್ಯಾಕ್ ಅಲ್ವಲ್ಲಾ?" ಅಂತ ಕೇಳಿದರೆ ಹತ್ತು ಸಲವೂ ಬಾಟ್ ನಯವಾಗಿ ಉತ್ತರ ಕೊಟ್ಟಿತು. ಥೆರಪಿಸ್ಟ್ ಎರಡನೇ ಸಲಕ್ಕೇ, "ಇದಕ್ಕೆ ಉತ್ತರ ನಿಮಗೆ ಗೊತ್ತು" ಅಂತ ಸುಮ್ಮನಾಗುತ್ತಿದ್ದರು.

ಇದೆಲ್ಲ ಕೆಲಸ ಮಾಡುತ್ತದಾ ಅಂತ ಕೇಳುವವರಿಗೆ ಒಂದು ಮಾತು. ಪರ್ ಕಾರ್ಲ್‌ಬ್ರಿಂಗ್ ಅನ್ನುವ ಮನಶ್ಶಾಸ್ತ್ರಜ್ಞರು ಮತ್ತು ಸಂಗಡಿಗರು 2018ರಲ್ಲಿ 20 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಇಂಟರ್‌ನೆಟ್ ಮೂಲಕ ಕೊಟ್ಟ ಸಿಬಿಟಿಯ ಪರಿಣಾಮ ಎದುರಾಎದುರು ಕೂತು ಕೊಟ್ಟದ್ದಕ್ಕೆ ಸಮವಾಗಿದೆ ಅಂತ ಬರೆದರು. ಅದರಲ್ಲಿ ನೋಡಿದ್ದು ಪಾಠಗಳ ರೂಪದಲ್ಲಿ ಕೊಟ್ಟು, ಥೆರಪಿಸ್ಟ್ ಹಿಂದೆ ನಿಂತು ನಡೆಸುವ ಕಾರ್ಯಕ್ರಮಗಳನ್ನು. ಕೇಳುವವರೇ ಇಲ್ಲದ ಆ್ಯಪ್‌ಗಳಿಗೆ ಈ ಫಲಿತಾಂಶ ಅಂಟಿಸಿ ಮಾರುವುದು ತಪ್ಪು. ನಾನಂತೂ ಮನುಷ್ಯರೊಬ್ಬರು ವಾರವಾರ ಲೆಕ್ಕ ಕೇಳದಿದ್ದರೆ ಥೆರಪಿಸ್ಟ್ ಕೊಟ್ಟ ಹೋಮ್‌ವರ್ಕ್ ಮಾಡುತ್ತಿರಲಿಲ್ಲ.

ಬಸ್ಸಿನ ಪ್ರಯಾಣ ಶುರುವಾದ ಮೇಲೆ ಒಮ್ಮೆ ಅವರ ಕ್ಲಿನಿಕ್‌ಗೇ ಹೋದೆ. ಅದನ್ನೇ ಒಂದು ಎಕ್ಸ್‌ಪೋಶರ್ ಅಂತ ಇಟ್ಟುಕೊಂಡಿದ್ದೆವು. ಅವರು ಇಷ್ಟು ಎತ್ತರದವರು ಅಂತ ಅಂದುಕೊಂಡೇ ಇರಲಿಲ್ಲ. ಮೊದಲ ಹತ್ತು ನಿಮಿಷ ಹೊಸಬರ ಜೊತೆ ಕೂತ ಹಾಗೆ ಮಾತೇ ಹೊರಡಲಿಲ್ಲ. ಆಮೇಲೆ ನಾನು ಆ ಹಳೆಯ ಸಾವಿನ ವಿಷಯ ತೆಗೆದೆ, ಈ ಸಲ ಪೂರ್ತಿಯಾಗಿ, ದನಿ ತಗ್ಗಿಸದೆ.

ಈಗ ತಿಂಗಳಿಗೊಮ್ಮೆ ಸೆಷನ್, ಹೆಚ್ಚಿನವು ವಿಡಿಯೊದಲ್ಲೇ. ಲಿಫ್ಟ್ ಪರವಾಗಿಲ್ಲ. ಈ ಸಲದ ಹೋಮ್‌ವರ್ಕ್ ಏನೆಂದರೆ ಫೋನ್ ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಕೊನೆಯ ನಿಲ್ದಾಣದವರೆಗೆ ಹೋಗಿ ಬರೋದು. ದಾರಿಯಲ್ಲಿ ತುರ್ತು ಕರೆ ಬಂದರೆ ಏನು ಗತಿ ಅಂತ ವಾದ ಮಾಡಿದೆ. "ಯಾರ ಕರೆ?" ಅಂತ ಕೇಳಿದರು. ಯೋಚಿಸಿ ಹೇಳ್ತೀನಿ ಅಂದಿದ್ದೇನೆ.